ಇಂಧನಕೋಶದೊಳಗಿನ ಫೋಮ್

ರೇಸ್ ಕಾರಿನ ಇಂಧನಕೋಶವು ಸಾಮಾನ್ಯವಾಗಿ ಮೂರು ಭಾಗಗಳ ವ್ಯವಸ್ಥೆ: ಹೊರಗೆ ಗಟ್ಟಿ ಪೆಟ್ಟಿಗೆ, ಅದರೊಳಗೆ ನೂಲಿನ ನೇಯ್ಗೆಯಿಂದ ಬಲಪಡಿಸಿದ ರಬ್ಬರಿನ ಚೀಲ, ಚೀಲದೊಳಗೆ ಸುರಕ್ಷತಾ ಫೋಮ್. ಈ ಮೂರರಲ್ಲಿ ಕೊನೆಯದರ ಮೇಲೆ ಇಟ್ಟಿರುವ ನಂಬಿಕೆ ದೊಡ್ಡದು, ಅದರ ಆರೈಕೆಗೆ ಕೊಡುವ ಗಮನ ಮಾತ್ರ ತೀರ ಅಲ್ಪ.

ಫೋಮ್ ಎಂದರೆ ಇಲ್ಲಿ ಪಾಲಿಯುರೆಥೇನಿನ ತೆರೆದ ಜಾಲ. ಗುಳ್ಳೆಗಳ ನಡುವಿನ ತೆಳುಪೊರೆಗಳನ್ನು ತೆಗೆದು ಎಳೆಗಳ ಚೌಕಟ್ಟನ್ನಷ್ಟೇ ಉಳಿಸಿಕೊಂಡಿರುವುದರಿಂದ ಇಂಧನ ಅದರೊಳಗೆ ಸರಾಗವಾಗಿ ಹರಿಯುತ್ತದೆ. ಆ ಪೊರೆಗಳನ್ನು ತೆಗೆಯುವ ಒಂದು ವಿಧಾನವೆಂದರೆ ಮುಚ್ಚಿದ ಕೋಣೆಯಲ್ಲಿ ಹೈಡ್ರೋಜನ್ ಮತ್ತು ಆಮ್ಲಜನಕಗಳ ಮಿಶ್ರಣವನ್ನು ಫೋಮಿನೊಳಗೆ ಹಾಯಿಸಿ ಕಿಡಿ ತಾಗಿಸುವುದು. ಸ್ಫೋಟವನ್ನು ತಡೆಯಬೇಕಾದ ವಸ್ತು ಹುಟ್ಟುವುದೇ ಒಂದು ಪುಟ್ಟ ಸ್ಫೋಟದಿಂದ. ತೊಟ್ಟಿಯ ಆವಿಗೆ ಬೆಂಕಿ ಹೊತ್ತಿದರೆ, ಜಾಲದ ಎಳೆಗಳು ಜ್ವಾಲೆಯ ಶಾಖವನ್ನು ಹೀರಿ ಅದು ಮುಂದಕ್ಕೆ ಓಡದಂತೆ ಮಾಡುತ್ತವೆ, ಒತ್ತಡ ಏರಿ ಚೀಲ ಸಿಡಿಯುವುದು ತಪ್ಪುತ್ತದೆ. ತಿರುವುಗಳಲ್ಲಿ ಇಂಧನದ ಹೊಯ್ದಾಟ ತಗ್ಗುವುದು, ಚೀಲ ಹರಿದಾಗ ಇಂಧನ ಒಮ್ಮೆಲೇ ಚೆಲ್ಲದಿರುವುದು ಇನ್ನೆರಡು ಲಾಭಗಳು. ಪ್ರತಿಯಾಗಿ ಫೋಮ್ ತೊಟ್ಟಿಯ ಗಾತ್ರದಲ್ಲಿ ಶೇಕಡಾ ಎರಡು ಮೂರರಷ್ಟನ್ನು ತಾನೇ ಆಕ್ರಮಿಸುತ್ತದೆ, ಒಂದಿಷ್ಟು ಇಂಧನವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಇದು ದುಬಾರಿ ಬೆಲೆಯೇನಲ್ಲ.

ಇಂಥ ಇಂಧನಕೋಶಗಳನ್ನು ಅಳವಡಿಸುವ ಒತ್ತಡ ಬಂದದ್ದು 1964ರಲ್ಲಿ. ಮೇ 30ರ ಇಂಡಿಯಾನಾಪೊಲಿಸ್ 500 ಸ್ಪರ್ಧೆಯ ಎರಡನೆಯ ಸುತ್ತಿನಲ್ಲಿ ಡೇವ್ ಮೆಕ್‌ಡೊನಾಲ್ಡ್ ಮತ್ತು ಎಡ್ಡಿ ಸ್ಯಾಕ್ಸ್ ಪೆಟ್ರೋಲಿನ ಬೆಂಕಿಯ ಅಪಘಾತದಲ್ಲಿ ಮಡಿದರು. ಅದೇ ತಿಂಗಳು ಷಾರ್ಲೆಟ್‌ನಲ್ಲಿ ಸ್ಪರ್ಧೆಯ ವೇಳೆ ಸುಟ್ಟ ಗಾಯಗಳಾದ ಚಾಲಕ ಫೈರ್‌ಬಾಲ್ ರಾಬರ್ಟ್ಸ್ ಜುಲೈನಲ್ಲಿ ತೀರಿಕೊಂಡರು. ಮುಂದಿನ ವರ್ಷಗಳಲ್ಲಿ ಚೀಲದ ತೊಟ್ಟಿಗಳು ಹರಡಿದವು, ಇಂಡಿಯಾನಾಪೊಲಿಸ್ ಪೆಟ್ರೋಲನ್ನು ಬಿಟ್ಟು ಮೆಥನಾಲಿನತ್ತ ಹೊರಳಿತು.

ಫೋಮಿನ ಮೌಲ್ಯಮಾಪನ ಜಟಿಲವಾಗುವುದು ಈ ಹೊರಳುವಿಕೆಯಲ್ಲಿಯೇ. ಪೆಟ್ರೋಲು ಬಹಳ ಬೇಗ ಆವಿಯಾಗುವುದರಿಂದ ಮುಚ್ಚಿದ ತೊಟ್ಟಿಯ ಖಾಲಿ ಭಾಗದಲ್ಲಿ ಆವಿ ಸಾಮಾನ್ಯವಾಗಿ ಅತಿ ದಟ್ಟವಾಗಿರುತ್ತದೆ, ಗಾಳಿ ಸಾಲದೆ ಅದು ಹೊತ್ತಿಕೊಳ್ಳುವುದಿಲ್ಲ. ಮೆಥನಾಲಿನ ಆವಿಯಾದರೋ ಸಾಧಾರಣ ಹವೆಯಲ್ಲಿಯೇ ಹೊತ್ತಬಲ್ಲ ಪ್ರಮಾಣದಲ್ಲಿ ಗಾಳಿಯೊಡನೆ ಬೆರೆತಿರುತ್ತದೆ. ಅಂದರೆ ಫೋಮಿನ ಜ್ವಾಲೆ ತಡೆಯುವ ಗುಣ ಹೆಚ್ಚು ಬೇಕಾಗಿರುವುದು ಮೆಥನಾಲಿನಂಥ ಆಲ್ಕೊಹಾಲ್ ತುಂಬಿದ ತೊಟ್ಟಿಗೆ. ಸಾಮಾನ್ಯ ಫೋಮು ಬೇಗ ಉಬ್ಬಿ, ಸಡಿಲವಾಗಿ, ಪುಡಿಯಾಗುವುದೂ ಆಲ್ಕೊಹಾಲಿನಲ್ಲಿಯೇ. ಎಸ್ಟರ್ ಬಗೆಯ ಪಾಲಿಯುರೆಥೇನನ್ನು ತೇವಾಂಶವೂ ಒಳಗಿಂದೊಳಗೆ ಒಡೆಯುತ್ತದೆ. ಆಲ್ಕೊಹಾಲಿಗೆಂದೇ ತಯಾರಾದ ಫೋಮ್ ದೊರೆಯುತ್ತದಾದರೂ, ಇಂಧನ ಬದಲಾಯಿಸಿದವರೆಲ್ಲ ಫೋಮನ್ನೂ ಬದಲಾಯಿಸುತ್ತಾರೆಂದು ನಂಬುವುದು ಕಷ್ಟ. ಉದುರಿದ ಚೂರುಗಳು ಸೋಸುಬಲೆಯನ್ನು ಕಟ್ಟಿ ಎಂಜಿನ್ ತಡವರಿಸಿದಾಗ, ಕೆಲವರು ಫೋಮನ್ನೇ ಕಿತ್ತೆಸೆಯುತ್ತಾರೆ; ಇದು ತಪ್ಪು ತೀರ್ಮಾನ, ಏಕೆಂದರೆ ಕೆಟ್ಟದ್ದು ಫೋಮಿನ ತತ್ತ್ವವಲ್ಲ, ಅದರ ಆಯ್ಕೆ ಮತ್ತು ವಯಸ್ಸು.

ಫೋಮಿನ ಬಗೆಗಿನ ಅಸಡ್ಡೆಗೆ ನಿಯಮಗಳೂ ಹೊಣೆ. ಅಂತರರಾಷ್ಟ್ರೀಯ ವಾಹನ ಒಕ್ಕೂಟವಾದ ಎಫ್‌ಐಎ ತನ್ನ ಎಫ್‌ಟಿ3 ದರ್ಜೆಯ ಚೀಲಕ್ಕೆ ಐದು ವರ್ಷಗಳ ಆಯುಷ್ಯ ಗೊತ್ತುಮಾಡಿ, ಮರುಪರೀಕ್ಷೆಯಾದರೆ ಇನ್ನೆರಡು ವರ್ಷ ಬಳಸಲು ಬಿಡುತ್ತದೆ. ಒಳಗಿನ ಫೋಮ್ ಅದಕ್ಕಿಂತ ಮೊದಲೇ ಹಾಳಾಗಬಹುದೆಂಬುದು ಚೀಲದ ಮೇಲಿನ ದಿನಾಂಕದಿಂದ ತಿಳಿಯುವುದಿಲ್ಲ. ವಿಮಾನಗಳ ತೊಟ್ಟಿಯಲ್ಲಿ ಇಂಥದೇ ಫೋಮ್ ಬಳಸುವ ವಾಯುಸೇನೆಗಳ ಅನುಭವ ಈ ಅಸಡ್ಡೆಗೆ ವ್ಯತಿರಿಕ್ತವಾದುದು: ಇಂಧನ ತುಂಬುವಾಗ ಫೋಮಿನಲ್ಲಿ ಸಂಗ್ರಹವಾದ ಸ್ಥಿರವಿದ್ಯುತ್ತೇ ಕಿಡಿಯಾಗಬಲ್ಲುದೆಂದು ತಿಳಿದಾಗ, ವಿದ್ಯುತ್ ಹರಿಸಬಲ್ಲ ಫೋಮಿಗಾಗಿ ಬೇರೆಯೇ ಮಾನದಂಡ ರೂಪಿಸಲಾಯಿತು.

ಫೋಮಿನ ಎಲ್ಲೆಯೂ ಸ್ಪಷ್ಟವಿದೆ. 2020ರ ಬಹ್ರೇನ್ ಸ್ಪರ್ಧೆಯಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ಉರಿದಾಗ ಕಳಚಿಕೊಂಡದ್ದು ಇಂಧನ ಚೀಲದ ಪರಿಶೀಲನಾ ಮುಚ್ಚಳ, ಕಿತ್ತುಬಂದದ್ದು ಎಂಜಿನ್ನಿಗೆ ಇಂಧನ ಒಯ್ಯುವ ಕೊಳವೆಯ ಜೋಡಣೆ. ಅಂಥ ಸೋರಿಕೆಗೆ ಉತ್ತರ ಜೋಡಣೆ ಮುರಿದೊಡನೆ ತಾನೇ ಮುಚ್ಚಿಕೊಳ್ಳುವ ಕವಾಟದಲ್ಲಿದೆ, ಫೋಮಿನಲ್ಲಿಲ್ಲ. ಒಳಗಿನ ಜಾಲ ಸೋರಿಕೆಯ ವೇಗವನ್ನು ತಗ್ಗಿಸೀತೇ ಹೊರತು ಚೆಲ್ಲಿ ಉರಿಯುವ ಇಂಧನವನ್ನು ಆರಿಸಲಾರದು.