ದೂರು ಕೇಳುವುದೂ ತಂತ್ರಾಂಶದ ಕೆಲಸವೇ

2011ರ ಬೇಸಿಗೆಯ ಹೊಸ್ತಿಲಲ್ಲಿ, ಒಂದು ತಿಂಗಳ ಒಳಗೇ ಎರಡು ಬಳಗಗಳು ಬೆಂಗಳೂರಿನಲ್ಲಿ ಸೇರಿದ್ದವು. ಮಾರ್ಚ್ 9ರಿಂದ 13ರವರೆಗೆ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಡಿಇ ಸಮುದಾಯದ ಭಾರತೀಯ ಸಮ್ಮೇಳನ ನಡೆಯಿತು. ಏಪ್ರಿಲ್ 2 ಮತ್ತು 3ರಂದು ದಯಾನಂದ ಸಾಗರ ಕಾಲೇಜಿನಲ್ಲಿ ಗ್ನೋಮ್ ಏಷ್ಯಾ ಶೃಂಗಸಭೆ ಸೇರಿತು. ಇದು ಮುಗಿದ ಮೂರೇ ದಿನಕ್ಕೆ, ಏಪ್ರಿಲ್ 6ರಂದು, ಗ್ನೋಮ್ 3 ಬಿಡುಗಡೆಯಾಯಿತು. ಅದರ ಕೊನೆಯ ಹಂತದ ಕೆಲಸ ಕೂಡ ಸಭೆಗೆ ಮುಂಚೆ ಬೆಂಗಳೂರಿನಲ್ಲೇ ನಡೆದಿತ್ತು. ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ನಮ್ಮ ಕಣ್ಣಿಗೆ ಬೀಳುವುದೆಲ್ಲ, ಅಂದರೆ ಕಿಟಕಿ, ಮೆನು, ಫೈಲು ತೋರಿಸುವ ಪಟ್ಟಿ, ಗಡಿಯಾರ, ಬಂದ್ ಮಾಡುವ ಗುಂಡಿ, ಇವೆಲ್ಲ ಸೇರಿದ್ದೇ ಡೆಸ್ಕ್‌ಟಾಪ್. ಮುಕ್ತ ತಂತ್ರಾಂಶದ ಲೋಕದಲ್ಲಿ ಇದನ್ನು ಕಟ್ಟಿದ ಎರಡು ದೊಡ್ಡ ಮನೆತನಗಳು ಇವೇ. ಕೆಡಿಇ 1996ರಲ್ಲಿ ಶುರುವಾಯಿತು, ಗ್ನೋಮ್ 1997ರಲ್ಲಿ.

ಆ ಹೊತ್ತಿಗೆ ಕೆಡಿಇ ಬಳಕೆದಾರರ ಸಿಟ್ಟನ್ನು ಮೂರು ವರ್ಷ ಉಂಡು ಸುಧಾರಿಸಿಕೊಂಡಿತ್ತು. ಗ್ನೋಮ್ ಅದೇ ಸಿಟ್ಟಿನ ಬಾಯಿಗೆ ಹೋಗುತ್ತಿತ್ತು. ಈ ಎರಡು ಯೋಜನೆಗಳು ಟೀಕೆಯನ್ನು ಹೇಗೆ ನಡೆಸಿಕೊಂಡವು ಎಂಬುದನ್ನು ಇಂದು ಕೂತು ಅಳೆಯುವುದು ಅಗತ್ಯ. ಏಕೆಂದರೆ ಇವುಗಳ ಗುಣವನ್ನು ಬರೆದ ಕೋಡ್ ಎಷ್ಟು ತೀರ್ಮಾನಿಸಿತೋ, ಕೇಳಿಸಿಕೊಂಡ ದೂರೂ ಅಷ್ಟೇ ತೀರ್ಮಾನಿಸಿತು.

ಅಳೆಯುವ ಗಜಕಡ್ಡಿ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಬಳಕೆದಾರರು ಕೇಳಿದ್ದನ್ನೆಲ್ಲ ಕೊಟ್ಟರೇ ಎಂಬುದು ನನಗೆ ಮುಖ್ಯವಲ್ಲ. ಬಳ್ಳಾರಿ ಜೀನ್ಸ್ ಹೊಲಿಯುವ ಊರು. ಪ್ಯಾಂಟು ತೊಟ್ಟವನು ತೊಡೆಯ ಹತ್ತಿರ ಬಿಗಿ ಅನ್ನುತ್ತಾನೆ. ಯಾವ ಹೊಲಿಗೆ ಬಿಚ್ಚಬೇಕು ಎಂಬುದು ಹೊಲಿಯುವವನಿಗೆ ಗೊತ್ತು. ಬಿಗಿಯೇ ಇಲ್ಲ ಎಂದು ಅವನು ವಾದಿಸುವಂತಿಲ್ಲ. ಬಿಚ್ಚಬೇಕಾದ ಹೊಲಿಗೆ ಇದೇ ಎಂದು ತೊಟ್ಟವನು ಹಟ ಹಿಡಿಯುವಂತೆಯೂ ಇಲ್ಲ. ದೂರು ಎಂದರೆ ಬಳಕೆಯ ಸಾಕ್ಷ್ಯ. ಅದನ್ನು ಸಾಕ್ಷ್ಯವೆಂದು ಓದಿದರೇ, ಅಥವಾ ವೈರಿಗಳ ಗದ್ದಲವೆಂದೋ ಮತಎಣಿಕೆಯೆಂದೋ ಓದಿದರೇ ಎಂಬುದಷ್ಟೇ ನನ್ನ ಪ್ರಶ್ನೆ.

ಕೆಡಿಇ 4.0 ಬಂದದ್ದು 2008ರ ಜನವರಿ 11ರಂದು. ಒಳಗಿನ ಅಡಿಪಾಯವನ್ನೆಲ್ಲ ಕಿತ್ತು ಹೊಸದಾಗಿ ಹಾಕಿದ್ದರು. ಆದರೆ ಹೊರಗೆ, 3.5ರಲ್ಲಿ ಪಳಗಿದ ಜನಕ್ಕೆ ಕಂಡದ್ದು ಕೊರತೆಗಳೇ. ಕೆಳಗಿನ ಪಟ್ಟಿಯನ್ನು ಬೇಕಾದ ಅಳತೆಗೆ ತರಲು ಸುಲಭದ ದಾರಿಯಿರಲಿಲ್ಲ, ಪರದೆಯ ಮೇಲಿನ ಐಕಾನುಗಳು ಹಿಂದಿನಂತೆ ನಡೆಯಲಿಲ್ಲ, ಆಗಾಗ ಕುಸಿತ ಬೇರೆ. ಇದು ಉತ್ಸಾಹಿಗಳಿಗೆ, ತಂತ್ರಾಂಶ ಬರೆಯುವವರಿಗೆ ಬಿಟ್ಟ ಮೊದಲ ಆವೃತ್ತಿ ಎಂದು ಡೆವಲಪರ್‌ಗಳು ಹೇಳಿದರು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ‘.0’ ಎಂಬ ಸಂಖ್ಯೆ ಸಾಮಾನ್ಯ ಬಳಕೆದಾರನಿಗೆ ಕೊಡುವ ಭರವಸೆ ಬೇರೆಯೇ. ಲಿನಕ್ಸ್ ವಿತರಣೆಗಳ ಪೈಕಿ ಫೆಡೊರಾ 9 ಅದೇ ವರ್ಷದ ಮೇ ತಿಂಗಳಲ್ಲಿ ಕೆಡಿಇ 4ನ್ನು ಜನರ ಕೈಗಿಟ್ಟಿತು. ಓಪನ್‌ಸೂಸೆ 11.0 ಮಾತ್ರ ಹಳೆಯ 3.5ನ್ನೂ ಪಕ್ಕದಲ್ಲಿಟ್ಟು ಆಯ್ಕೆ ಕೊಟ್ಟಿತು. ಆ ದಿನಗಳ ವಿವೇಕದ ನಡೆ ಅದೇ. ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಕೂಡ ಕೆಡಿಇ ಬಿಟ್ಟು ಗ್ನೋಮ್‌ಗೆ ಹೋದದ್ದಾಗಿ 2009ರಲ್ಲಿ ಹೇಳಿದರು.

ಕೆಡಿಇ ಎಡವಿದ್ದು ಬದಲಾವಣೆ ಮಾಡಿದ್ದರಲ್ಲಿ ಅಲ್ಲ, ಯಾರಿಗೆ ಯಾವುದು ಸಿದ್ಧವಾಗಿದೆ ಎಂದು ಮುಂಚಿತವಾಗಿ, ಎಲ್ಲರಿಗೂ ಕೇಳುವಂತೆ ಹೇಳದೆ ಹೋದದ್ದರಲ್ಲಿ. ಗದ್ದಲ ಎದ್ದ ಮೇಲೆ ಕೊಟ್ಟ ವಿವರಣೆ ಜನರ ಕಿವಿಗೆ ನೆಪವಾಗಿ ಕೇಳಿಸಿತು. ಆದರೆ ಆಮೇಲಿನ ನಡೆ ಮೆಚ್ಚುವಂಥದ್ದು. 2008ರ ಜುಲೈಯಲ್ಲಿ ಬಂದ 4.1ರಲ್ಲಿ ಪರದೆಯ ಮೇಲೆ ಫೈಲುಗಳನ್ನು ತೋರಿಸುವ ಹೊಸ ವಿಧಾನ ಸೇರಿತು. 2009ರ ಜನವರಿಯ 4.2ಕ್ಕೆ ಅವರೇ ಇಟ್ಟ ಹೆಸರು ‘ದಿ ಆನ್ಸರ್’. ಟೀಕಾಕಾರರಿಗೆ ಮಾತಿನಲ್ಲಿ ಸಾಕಷ್ಟು ಹೇಳಿದ ಮೇಲೆ ಕೆಲಸದಲ್ಲೇ ಉತ್ತರ ಕೊಡುತ್ತೇವೆ ಎಂಬ ಛಲ ಆ ಹೆಸರಿನಲ್ಲಿದೆ. ಹಾಗೆಂದು ಎಲ್ಲರೂ ಮರಳಲಿಲ್ಲ. ಹಳೆಯ 3.5ನ್ನೇ ಉಳಿಸಿಕೊಳ್ಳುತ್ತೇವೆ ಎಂದವರು 2010ರಲ್ಲಿ ಟ್ರಿನಿಟಿ ಎಂಬ ಕವಲನ್ನು ಹೊರತಂದರು.

ಗ್ನೋಮ್‌ನ ಕತೆ ಇದಕ್ಕಿಂತ ಜಟಿಲ. ಬಳಕೆದಾರರನ್ನು ಅಧ್ಯಯನ ಮಾಡುವ ಪರಂಪರೆಯನ್ನು ಮುಕ್ತ ಡೆಸ್ಕ್‌ಟಾಪ್‌ಗೆ ತಂದವರಲ್ಲಿ ಈ ಯೋಜನೆಯೇ ಮುಂದು. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜನರನ್ನು ಕೂರಿಸಿ ಗ್ನೋಮ್ ಬಳಸಲು ಹೇಳಿ, ಅವರು ಎಲ್ಲೆಲ್ಲಿ ತಡವರಿಸುತ್ತಾರೆಂದು ಬರೆದಿಟ್ಟಿತು. 2002ರ ಗ್ನೋಮ್ 2 ಆ ಪಾಠದ ಮೇಲೆ ನಿಂತಿತು. ಸೇರಿಸುವ ಪ್ರತಿ ಆಯ್ಕೆಗೂ ಒಂದು ಬೆಲೆಯಿದೆ, ಅದನ್ನು ಪರೀಕ್ಷಿಸುವವರೂ ಅರ್ಥಮಾಡಿಕೊಳ್ಳುವವರೂ ತೆರಬೇಕು ಎಂದು ಗ್ನೋಮ್ ಡೆವಲಪರ್ ಹ್ಯಾವೊಕ್ ಪೆನಿಂಗ್ಟನ್ ಆಗ ಬರೆದ ಪ್ರಬಂಧ ಈಗಲೂ ಓದಬೇಕಾದದ್ದು. ನಾನು ಆ ವಾದವನ್ನು ಒಪ್ಪುತ್ತೇನೆ. ಕೇಳಿದವರಿಗೆಲ್ಲ ಒಂದೊಂದು ಗುಂಡಿ ಕೊಟ್ಟರೆ ಕೊನೆಗೆ ಯಾರಿಗೂ ಯಾವ ಗುಂಡಿಯೂ ಸಿಗುವುದಿಲ್ಲ.

ಆದರೆ ಗ್ನೋಮ್ 3ರಲ್ಲಿ ಅದೇ ಒಳ್ಳೆಯ ತತ್ವ ಕಿವುಡಾಯಿತು. ಕಂಪ್ಯೂಟರ್ ಬಂದ್ ಮಾಡುವ ಆಯ್ಕೆಯನ್ನೇ ಮೆನುವಿನಿಂದ ಮರೆಮಾಡಿದರು. ಕಾಣುತ್ತಿದ್ದುದು ‘ಸಸ್ಪೆಂಡ್’ ಮಾತ್ರ. ಆಲ್ಟ್ ಕೀಲಿ ಒತ್ತಿ ಹಿಡಿದರೆ ಅದು ‘ಪವರ್ ಆಫ್’ ಆಗುತ್ತಿತ್ತು. ಸಸ್ಪೆಂಡ್ ಬೇಗ ಎಚ್ಚರಗೊಳ್ಳುತ್ತದೆ, ತೆರೆದ ಕೆಲಸ ಹಾಗೇ ಉಳಿಯುತ್ತದೆ ಎಂಬುದು ವಿನ್ಯಾಸಕಾರರ ಲೆಕ್ಕ. ಲ್ಯಾಪ್‌ಟಾಪ್ ಹಿಡಿದು, ಕರೆಂಟು ಕೈಕೊಡದ ಊರಲ್ಲಿ ಓಡಾಡುವವರಿಗೆ ಆ ಲೆಕ್ಕ ಸರಿ. ನಮ್ಮ ಬಳ್ಳಾರಿಯ ಗಾಂಧಿನಗರದ ಒಂದು ಮನೆಯನ್ನು ಎದುರಿಗಿಟ್ಟುಕೊಳ್ಳಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್, ಕೆಲಸ ಮುಗಿದ ಮೇಲೆ ಗೋಡೆಯ ಸ್ವಿಚ್ಚನ್ನೂ ಆರಿಸಿ ಏಳುವ ಮನೆಮಂದಿ. ಸಸ್ಪೆಂಡ್ ಮಾಡಿದ ಯಂತ್ರದ ಮೆಮೊರಿಗೆ ಕರೆಂಟು ಇರುತ್ತಲೇ ಇರಬೇಕು. ಸ್ವಿಚ್ ಆರಿಸಿದರೆ, ಇಲ್ಲವೇ ಕರೆಂಟು ಹೋದರೆ, ಉಳಿಸದ ಕೆಲಸ ಅಲ್ಲಿಗೆ ಮುಗಿಯಿತು. ಇಲ್ಲಿಂದ ಹೊರಡುವ ‘ಬಂದ್ ಮಾಡುವ ಗುಂಡಿ ಎಲ್ಲಿ?’ ಎಂಬ ದೂರು ಬದಲಾವಣೆಯನ್ನು ದ್ವೇಷಿಸುವವರ ಗೊಣಗಾಟವಲ್ಲ. ವಿನ್ಯಾಸಕಾರರು ಕಾಣದ ಒಂದು ಬದುಕಿನ ಮಾಹಿತಿ ಅದು. ಅದು ಅವರ ಮೇಜು ತಲುಪಿ ಗುಂಡಿ ಮರಳಿ ಕಾಣಿಸಲು 2012ರ ಸೆಪ್ಟೆಂಬರ್‌ನ 3.6ರವರೆಗೆ ಕಾಯಬೇಕಾಯಿತು.

ಆ ಒಂದೂವರೆ ವರ್ಷದಲ್ಲಿ ಜನ ಸುಮ್ಮನೆ ಕೂರಲಿಲ್ಲ. ಅರ್ಜೆಂಟೀನಾದ ಒಬ್ಬ ಬಳಕೆದಾರ ಗ್ನೋಮ್ 2ನ್ನು ಕೈಗೆತ್ತಿಕೊಂಡು 2011ರಲ್ಲೇ ಮಾಟೆ ಎಂಬ ಡೆಸ್ಕ್‌ಟಾಪ್‌ಗೆ ಅಡಿಪಾಯ ಹಾಕಿದ. ಲಿನಕ್ಸ್ ಮಿಂಟ್ ತಂಡ ಗ್ನೋಮ್ 3ರ ಅಡಿಪಾಯದ ಮೇಲೇ ಸಿನಮನ್ ಕಟ್ಟಿತು. ಫೈಲು ತೋರಿಸುವ ನಾಟಿಲಸ್‌ನಿಂದ 3.6ರಲ್ಲಿ ಹಲವು ಸೌಲಭ್ಯ ತೆಗೆದಾಗ, ಅದೇ ತಂಡ ನೀಮೊ ಎಂಬ ಕವಲನ್ನು ಬೆಳೆಸಿತು. ಟೊರ್ವಾಲ್ಡ್ಸ್ 2011ರಲ್ಲಿ ಗ್ನೋಮ್ ಬಿಟ್ಟು ಇನ್ನೊಂದು ಡೆಸ್ಕ್‌ಟಾಪ್ ಆದ ಎಕ್ಸ್‌ಎಫ್‌ಸಿಇ ಹಿಡಿದರು, 2013ರಲ್ಲಿ ಮರಳಿದರು. ಮರಳಲು ನೆರವಾದದ್ದು ಎಕ್ಸ್‌ಟೆನ್ಶನ್‌ಗಳು. ತಮಗೆ ಬೇಕಾದ ಬದಲಾವಣೆಯನ್ನು ಬಳಕೆದಾರರೇ ಹಚ್ಚಿಕೊಳ್ಳಲು ಗ್ನೋಮ್ 2011ರ ಕೊನೆಯಲ್ಲಿ ತೆರೆದ ದಾರಿ ಅದು. ಮುಕ್ತ ತಂತ್ರಾಂಶದ ನಿಜವಾದ ಬಲ ಇಲ್ಲಿ ಕಾಣುತ್ತದೆ. ಕೇಳಿಸಿಕೊಳ್ಳದಿದ್ದರೆ ಮನೆ ಬಿಟ್ಟು ಬೇರೆ ಮನೆ ಕಟ್ಟಿಕೊಳ್ಳುವ ಹಕ್ಕು ಬಳಕೆದಾರನಿಗಿದೆ. ಅದಕ್ಕೆ ಕೋಡ್ ಬರೆಯುವ ಕೈ ಬೇಕು ಎಂಬುದೇ ಆ ಹಕ್ಕಿನ ಮಿತಿ.

ಟೀಕಿಸಿದವರ ನಡತೆಯನ್ನೂ ತೂಗಬೇಕು. ಸಂಬಳವಿಲ್ಲದೆ ರಾತ್ರಿ ಕೂತು ಕೋಡ್ ಬರೆದ ಎಷ್ಟೋ ಸ್ವಯಂಸೇವಕರು ಬೈಗುಳ ತಿಂದರು. ಟೊರ್ವಾಲ್ಡ್ಸ್ ಅವರ ಭಾಷೆಯೂ ಆ ದಿನಗಳಲ್ಲಿ ಕಟುವಾಗಿತ್ತು, ಅದನ್ನು ನೋಡಿ ಉಳಿದವರು ಕಟುತನವನ್ನೇ ಪ್ರಾಮಾಣಿಕತೆ ಎಂದುಕೊಂಡರು. ಅದೇ ಟೊರ್ವಾಲ್ಡ್ಸ್ 2007ರಲ್ಲಿ ಗ್ನೋಮ್‌ನ ಕಿಟಕಿ ನಿರ್ವಾಹಕಕ್ಕೆ ತಾವೇ ತಿದ್ದುಪಡಿ ಬರೆದು ಕಳಿಸಿದ್ದರು. ಅವರ ಟೀಕೆಗಳಲ್ಲಿ ಯೋಜನೆಗೆ ಉಪಯೋಗಕ್ಕೆ ಬಂದದ್ದು ಅಂಥದ್ದು. ಬೈಗುಳದ ಕೆಡುಕು ಮನ ನೋಯಿಸುವುದರಲ್ಲಷ್ಟೇ ನಿಲ್ಲುವುದಿಲ್ಲ. ನೊಂದ ಡೆವಲಪರ್ ಕಿವಿ ಮುಚ್ಚಿಕೊಂಡಾಗ, ಗದ್ದಲದ ನಡುವೆ ಮೆಲ್ಲಗೆ ಬಂದ ನಿಜವಾದ ದೂರೂ ಅವನಿಗೆ ಕೇಳದೆ ಹೋಗುತ್ತದೆ. ಕೆಡಿಇ 2008ರಲ್ಲೇ ನಡವಳಿಕೆ ಸಂಹಿತೆ ತಂದದ್ದು ಇದೇ ಅರಿವಿನಿಂದ ಎಂದು ನಾನು ತಿಳಿಯುತ್ತೇನೆ.

ಕನ್ನಡದ ವಿಷಯಕ್ಕೆ ಬಂದರೆ ಈ ಚರ್ಚೆ ಇನ್ನೂ ಸ್ಪಷ್ಟವಾಗುತ್ತದೆ. ಪರದೆಯ ಮೇಲೆ ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರಬೇಕು. ‘ಸೂರ್ಯ’ದ ಅರ್ಕಾವತ್ತು ಯಕಾರದ ಬಲಕ್ಕೆ ಹೋಗಬೇಕು. ಬಹುಕಾಲ ಗ್ನೋಮ್ ಮತ್ತು ಕೆಡಿಇಗಳು ಅಕ್ಷರ ಜೋಡಿಸಲು ಬೇರೆ ಬೇರೆ ಏರ್ಪಾಡು ಬಳಸುತ್ತಿದ್ದುದರಿಂದ ಒಂದರಲ್ಲಿ ಸರಿ ಕಂಡ ಪದ ಇನ್ನೊಂದರಲ್ಲಿ ಮುರಿದು ಕಾಣುವ ಸಾಧ್ಯತೆ ಇತ್ತು. ಮುಂದೆ ಹಾರ್ಫ್‌ಬಜ್ ಎಂಬ ಒಂದೇ ತಂತ್ರಾಂಶ ಎರಡರ ಅಡಿಗೂ ಬಂತು. ಪುಣೆಯ ರೆಡ್ ಹ್ಯಾಟ್ ಕಚೇರಿಯ ಭಾಷಾ ತಂಡ ಲೋಹಿತ್ ಎಂಬ ಫಾಂಟುಗಳ ಅಕ್ಷರಗಳನ್ನು ವರ್ಷಗಟ್ಟಲೆ ತಿದ್ದಿತು. ಇಂಥ ದೋಷವನ್ನು ಬಾಸ್ಟನ್ನಿನಲ್ಲೋ ಬರ್ಲಿನ್ನಿನಲ್ಲೋ ಕೂತ ಡೆವಲಪರ್ ಎಷ್ಟೇ ಜಾಣನಾದರೂ ತಾನಾಗಿ ಕಾಣಲಾರ. ಕನ್ನಡ ಓದುವ ಕಣ್ಣೇ ಅದನ್ನು ಹಿಡಿಯಬೇಕು. ಹೀಗಿರಬೇಕಿತ್ತು, ಹೀಗಿದೆ, ಇದೋ ಚಿತ್ರ ಎಂದು ತೋರಿಸಿದ ಕನ್ನಡಿಗನ ಮುಂದೆ ಅಭಿರುಚಿಯ ಜಗಳಕ್ಕೆ ಜಾಗವೇ ಉಳಿಯುವುದಿಲ್ಲ.

ಬಂದ್ ಮಾಡುವ ಗುಂಡಿ ಮರಳಿದ ಅದೇ 3.6ರಲ್ಲಿ ಗ್ನೋಮ್ ಇನ್ನೊಂದು ಬದಲಾವಣೆ ತಂದಿತು. ಬೇರೆ ಬೇರೆ ಭಾಷೆಗಳ ಟೈಪಿಂಗ್ ವ್ಯವಸ್ಥೆಯನ್ನು ಐಬಸ್ ಎಂಬ ತಂತ್ರಾಂಶದ ಮೂಲಕ ಸೆಟ್ಟಿಂಗ್ಸ್ ಒಳಗೇ ಸೇರಿಸಿತು. ಬೇರೆ ತಂತ್ರಾಂಶ ನೆಚ್ಚಿಕೊಂಡಿದ್ದ ಚೀನೀ ಬಳಕೆದಾರರು ಇದಕ್ಕೆ ಆಕ್ಷೇಪ ಎತ್ತಿದರು. ಕನ್ನಡ ಟೈಪು ಮಾಡುವವರಿಗೆ ಮಾತ್ರ ಹಾದಿ ಸಲೀಸಾಯಿತು. ಒಂದೇ ತೀರ್ಮಾನ ಒಬ್ಬರಿಗೆ ವರ, ಇನ್ನೊಬ್ಬರಿಗೆ ತೊಡಕು. ಆದ್ದರಿಂದಲೇ ದೂರುಗಳ ತಲೆ ಎಣಿಸಿ ತೀರ್ಪು ಕೊಡಲಾಗದು. ಕೀಲಿಮಣೆಯ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ‘ಕಗಪ’ ವಿನ್ಯಾಸ ಕನ್ನಡಕ್ಕಷ್ಟೇ ಇಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಹೆಸರಿನಲ್ಲಿದೆ. ಕನ್ನಡ, ತೆಲುಗು ಎರಡನ್ನೂ ಆಡುವ ಬಳ್ಳಾರಿಯ ಮನೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಕನ್ನಡಿಗರು ತಮಗಾಗಿ ರೂಪಿಸಿಕೊಂಡದ್ದು ಹೀಗೆ ಜಗತ್ತಿನ ಲಿನಕ್ಸ್ ಪರದೆಗಳಿಗೆಲ್ಲ ಹರಿಯಿತು.

ಹಾಗಾದರೆ ಕೊರತೆ ಎಲ್ಲಿ? ತಲುಪದ ದೂರುಗಳಲ್ಲಿ. 2011ರಲ್ಲೇ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗಾಗಿ ಶುರುವಾದ ವಿಷಯ ಶಿಕ್ಷಕರ ವೇದಿಕೆ ಕಾರ್ಯಕ್ರಮದಲ್ಲಿ ಉಬುಂಟು ಮತ್ತು ಮುಕ್ತ ತಂತ್ರಾಂಶಗಳನ್ನು ಬಳಸಿ ತರಬೇತಿ ಕೊಡಲಾಯಿತು. ಆ ಏಪ್ರಿಲ್‌ನಲ್ಲೇ ಉಬುಂಟು ತನ್ನ ಯೂನಿಟಿ ಡೆಸ್ಕ್‌ಟಾಪ್ ತಂದಿತು. 2017ರ ಅಕ್ಟೋಬರ್‌ನಲ್ಲಿ ಅದನ್ನು ಕೈಬಿಟ್ಟು ಗ್ನೋಮ್‌ಗೆ ಮರಳಿತು. ಸಿರುಗುಪ್ಪದಲ್ಲೋ ಕುರುಗೋಡಿನಲ್ಲೋ ಗಣಿತ ಕಲಿಸುವ ಒಬ್ಬ ಮೇಷ್ಟರ ಪರದೆ ಹೀಗೆ ಆರು ವರ್ಷದಲ್ಲಿ ಎರಡು ಸಲ ಬದಲಾದರೆ, ಅವರ ತೊಡಕನ್ನು ಯಾರು ಕೇಳಬೇಕು? ದೂರು ಕೊಡುವ ಕಟ್ಟೆಯ ಭಾಷೆ ಇಂಗ್ಲಿಷ್. ಅಲ್ಲಿ ಆವೃತ್ತಿಯ ಸಂಖ್ಯೆ, ದೋಷ ಮರುಕಳಿಸುವ ಹಂತಗಳು, ಲಾಗ್, ಎಲ್ಲವನ್ನೂ ಕೊಡಬೇಕು. ಮೇಷ್ಟರು ದೂರು ಕೊಡುವುದಿಲ್ಲ, ಬಳಸುವುದನ್ನೇ ಬಿಡುತ್ತಾರೆ. ಬಿಟ್ಟುಹೋದವರ ಮೌನವನ್ನು ಯೋಜನೆ ತೃಪ್ತಿ ಎಂದು ಓದಿಕೊಳ್ಳುತ್ತದೆ.

ಗ್ನೋಮ್ 2022ರಲ್ಲಿ ಬಳಕೆದಾರರು ತಾವಾಗಿ ಮಾಹಿತಿ ಕಳಿಸುವ ಒಂದು ಸಮೀಕ್ಷೆ ನಡೆಸಿತು. ಸುಮಾರು 2,500 ಕಂಪ್ಯೂಟರ್‌ಗಳ ಮಾಹಿತಿ ಬಂತು, ಶೇ. 80ಕ್ಕೂ ಹೆಚ್ಚು ಕಡೆ ಎಕ್ಸ್‌ಟೆನ್ಶನ್‌ಗಳಿದ್ದವು. ಇದು ಎಲ್ಲ ಬಳಕೆದಾರರ ಪ್ರತಿಬಿಂಬವಲ್ಲ ಎಂದು ನಡೆಸಿದವರೇ ಎಚ್ಚರಿಸಿದರು. ಆ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ತಾವಾಗಿ ಮುಂದೆ ಬಂದವರು ಉತ್ಸಾಹಿಗಳು, ಮೇಷ್ಟರಂಥವರು ಆ ಲೆಕ್ಕಕ್ಕೆ ಸಿಗುವುದು ಕಷ್ಟ. ಕೆಡಿಇ ಅದೇ 2022ರಲ್ಲಿ ಹಿಡಿದ ದಾರಿ ನನಗೆ ಹೆಚ್ಚು ಹಿಡಿಸುತ್ತದೆ. ಹೊಸದಾಗಿ ಬಳಸಲು ಕೂತವರಿಗೆ ಮೊದಲ 15 ನಿಮಿಷದಲ್ಲೇ ಎದುರಾಗುವ ದೋಷಗಳನ್ನು ಪಟ್ಟಿ ಮಾಡಿ, ಅವನ್ನೇ ಮೊದಲು ಸರಿಪಡಿಸುವ ಕೆಲಸ ಅದು. 2024ರ ಫೆಬ್ರವರಿಯಲ್ಲಿ ಬಂದ ತನ್ನ ಡೆಸ್ಕ್‌ಟಾಪ್ ಪ್ಲಾಸ್ಮಾ 6ರಲ್ಲಿ, ಒಂದೇ ಕ್ಲಿಕ್ಕಿಗೆ ಫೈಲು ತೆರೆಯುವ ತನ್ನ ಬಹುಕಾಲದ ರೂಢಿಯನ್ನೂ ಬಿಟ್ಟು, ಬೇರೆಡೆಯಿಂದ ಬಂದವರಿಗೆ ಅಭ್ಯಾಸವಿರುವ ಎರಡು ಕ್ಲಿಕ್ಕನ್ನು ಮೂಲ ಏರ್ಪಾಡಾಗಿ ಇಟ್ಟಿತು. ಹಳೆಯ ರೂಢಿ ಬೇಕಾದವರಿಗೆ ಸೆಟ್ಟಿಂಗ್ಸ್‌ನಲ್ಲಿ ಅದು ಈಗಲೂ ಸಿಗುತ್ತದೆ. ದನಿ ಎತ್ತದವರ ಪರವಾಗಿ ಯೋಜನೆಯೇ ಯೋಚಿಸಿದ ರೀತಿ ಇದು.

ನನ್ನ ತೀರ್ಪು ಇಷ್ಟು. ಕೆಡಿಇ ಬಿದ್ದಲ್ಲಿಂದ ಬೇಗ ಕಲಿತು, ಕೇಳಿಸಿಕೊಳ್ಳುವುದನ್ನು ಕೆಲಸದ ಕ್ರಮವನ್ನಾಗಿ ಮಾಡಿಕೊಂಡಿತು. ಗ್ನೋಮ್‌ಗೆ ದೃಢ ನಿಲುವಿದೆ, ಆ ನಿಲುವು ಅದಕ್ಕೆ ಶಿಸ್ತಾದ ರೂಪವನ್ನೂ ಕೊಟ್ಟಿದೆ. ಆದರೆ ಆ ನಿಲುವನ್ನು ಪ್ರಶ್ನಿಸುವ ಸಾಕ್ಷ್ಯಕ್ಕೆ ಬಾಗಿಲು ತೆರೆಯಲು ಅದು ತಡಮಾಡುತ್ತದೆ. ಎರಡೂ ಯೋಜನೆಗಳು ಇಂಗ್ಲಿಷ್ ಬಾರದವರ ದೂರಿಗೆ ಇನ್ನೂ ನೆಟ್ಟಗೆ ದಾರಿ ಮಾಡಿಲ್ಲ.

ಆ ದಾರಿ ಮಾಡಲು ಯೋಜನೆಗಳಿಂದಷ್ಟೇ ಆಗುವುದಿಲ್ಲ. ಕನ್ನಡಕ್ಕೆ ಅನುವಾದ ಮಾಡುವ ಸ್ವಯಂಸೇವಕರು ಈಗಾಗಲೇ ಆ ಯೋಜನೆಗಳ ಒಳಗಿದ್ದಾರೆ, ಅಲ್ಲಿನ ಭಾಷೆಯೂ ರೀತಿಯೂ ಅವರಿಗೆ ಗೊತ್ತು. ಮೆನುಗಳನ್ನು ಕನ್ನಡಕ್ಕೆ ತರುವಂತೆಯೇ ಕನ್ನಡಿಗರ ದೂರುಗಳನ್ನು ಅತ್ತ ಒಯ್ಯುವುದೂ ಅವರ ಕೆಲಸವಾಗಬೇಕು. ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಒಬ್ಬ ಮೇಷ್ಟರ, ಒಬ್ಬ ಡಿಟಿಪಿ ಕೆಲಸಗಾರನ, ಒಬ್ಬ ಅಜ್ಜಿಯ ಪಕ್ಕದಲ್ಲಿ ಹದಿನೈದು ನಿಮಿಷ ಕೂತು, ಅವರು ತಡವರಿಸಿದ ಕಡೆಗಳನ್ನು ಬರೆದು ಕಳಿಸಿದರೆ, ಅದು ಕೋಡ್ ಬರೆದಷ್ಟೇ ದೊಡ್ಡ ಕೊಡುಗೆ. ಬಳಸುವವರೆಲ್ಲ ತಿದ್ದಬಹುದು ಎಂಬುದು ಮುಕ್ತ ತಂತ್ರಾಂಶ ಕೊಟ್ಟ ಮಾತು. ಕೋಡ್ ಬಾರದವರು ತಮ್ಮ ತೊಡಕನ್ನು ತಮ್ಮ ನುಡಿಯಲ್ಲೇ ಹೇಳಿ ಪರದೆಯನ್ನು ತಿದ್ದಿಸುವಂತಾದಾಗ ಮಾತ್ರ ಆ ಮಾತು ಪೂರ್ತಿಯಾಗಿ ಸಲ್ಲುತ್ತದೆ.