ಹೊಂಗೆ ಡೀಸೆಲ್: ಕಾಯಿ ಆಯುವವರ ಲೆಕ್ಕ ಎಲ್ಲಿ?

‘ಹಸಿರು ಹೊನ್ನು’, ‘ಬರಡು ಬಂಗಾರ’. ಕರ್ನಾಟಕದ 2009ರ ಜೈವಿಕ ಇಂಧನ ನೀತಿಯ ಕಾಲದಲ್ಲಿ ಗಿಡ ನೆಡುವ ಯೋಜನೆಗಳಿಗೆ ಇಟ್ಟ ಹೆಸರುಗಳಿವು. ಹೆಸರಲ್ಲೇ ಚಿನ್ನ ಇದೆ. ಅದು ಯಾರ ಕೈ ಸೇರುತ್ತೆ ಅನ್ನೋದೇ ನನ್ನ ತಕರಾರು.

ವಿಜ್ಞಾನದ ಮೇಲೆ ನನಗೆ ದೂರಿಲ್ಲ. ಹೊಂಗೆ ಎಣ್ಣೆ ಮಂದ; ಹಾಗೇ ಹಾಕಿದರೆ ಗಾಡಿಯ ಇಂಜಿನ್ ಕಟ್ಟಿಕೊಳ್ಳಬಹುದು. ಮೆಥನಾಲ್ ಜೊತೆ ಚೂರು ಕಾಸ್ಟಿಕ್ ಸೋಡಾ ಸೇರಿಸಿ, 60 ಡಿಗ್ರಿ ಆಸುಪಾಸು ಬಿಸಿಯಲ್ಲಿ ಕಲಕಿದರೆ ಗ್ಲಿಸರಿನ್ ತಳಕ್ಕಿಳಿಯುತ್ತೆ, ಮೇಲೆ ಬಯೋಡೀಸೆಲ್ ನಿಲ್ಲುತ್ತೆ. ಬೀಜ ಹಳತಾಗಿ ಎಣ್ಣೆಯಲ್ಲಿ ಆಮ್ಲ ಹೆಚ್ಚಿದ್ದರೆ ಸೋಪು ಕಟ್ಟುತ್ತೆ. ಅದಕ್ಕೂ ಉಪಾಯ ಇದೆ.

ತೊಡಕಿರೋದು ಇದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಒಂದು ಲೀಟರ್ ಎಣ್ಣೆಗೆ ಗಾಣದಲ್ಲಿ ಸುಮಾರು 4 ಕಿಲೋ ಬೀಜ ಬೇಕು. ಒಂದು ಬೀಜ ಒಂದೂವರೆ ಗ್ರಾಂ ತೂಗಿದರೆ ಹೆಚ್ಚು. ಒಂದು ಕಾಯಿಯಲ್ಲಿ ಸಾಮಾನ್ಯವಾಗಿ ಒಂದೇ ಬೀಜ. ಅಂದರೆ ಲೀಟರಿಗೆ ಸುಮಾರು 3,000 ಕಾಯಿ! ಬೇಸಿಗೆ ಬಿಸಿಲಲ್ಲಿ ಆಯ್ದು, ಒಣಗಿಸಿ, ಬಡಿದು, ಸಿಪ್ಪೆ ಬಿಡಿಸಬೇಕು. ಸಂಡೂರಿನಿಂದ ಹೊಸಪೇಟೆ ಸುಮಾರು 30 ಕಿಲೋಮೀಟರ್. ಅದಿರು ಲಾರಿ ಲೀಟರಿಗೆ 4 ಕಿಲೋಮೀಟರ್ ಓಡಿತು ಅಂದ್ಕೊಳ್ಳಿ, ಒಂದು ಸಲದ ಪ್ರಯಾಣಕ್ಕೇ 20,000ಕ್ಕೂ ಹೆಚ್ಚು ಕಾಯಿ. ದಿನಕ್ಕೆ ಎಷ್ಟು ಲಾರಿ ಓಡುತ್ವೆ, ನೀವೇ ಗುಣಿಸಿ.

ಹಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಯೋದು ಹೆಚ್ಚಾಗಿ ಹೆಂಗಸರು, ಮುದುಕರು. ನೀತಿಯ ಜಾಹೀರಾತಲ್ಲಿ ಎದ್ದು ಕಾಣೋದು ನೆಟ್ಟ ಗಿಡ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಡೆಮೋ ಚೆನ್ನಾಗಿದೆ, ಇನ್‌ಪುಟ್ ಯಾರು ಕೊಡ್ತಾರೆ ಅಂತ ಮಾತ್ರ ಯಾರೂ ಕೇಳಿಲ್ಲ. ಕೇಂದ್ರದ 2009ರ ನೀತಿ 2017ಕ್ಕೆ ಡೀಸೆಲ್‌ನಲ್ಲಿ ಶೇ. 20 ಮಿಶ್ರಣ ಅಂದಿತ್ತು. 2018ರಲ್ಲಿ ಅದು 2030ಕ್ಕೆ ಶೇ. 5 ಆಯಿತು. ಗುರಿ ಇಳಿದದ್ದಕ್ಕೆ ಆಶ್ಚರ್ಯ ಏನಿದೆ?

ಹಾಗಂತ ಹೊಂಗೆಯನ್ನೇ ಬಿಟ್ಟುಬಿಡಿ ಅಂತಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ಹಳ್ಳಿಯಲ್ಲಿ ನೀರೆತ್ತಿ ತೋರಿಸಿದ್ದರು. ಅಲ್ಲಿ ಬೀಜವೂ ಊರಿನದು, ನೀರೂ ಊರಿಗೆ. ಲೆಕ್ಕ ಕೂಡುವುದು ಇಂಥ ಕಡೆ. ಕಂಪ್ಲಿಯ ಗದ್ದೆಗೆ ಹಿಂಡಿ ಗೊಬ್ಬರವಾಗಲಿ, ಪಕ್ಕದೂರಿನ ಪಂಪ್‌ಸೆಟ್ಟಿಗೆ ಎಣ್ಣೆ ಸಿಗಲಿ. ಹಂಪಿ ನೋಡೋಕೆ ಬರುವ ಬಸ್ಸಿಗೆ ‘ಹಸಿರು’ ಸ್ಟಿಕರ್ ಆಮೇಲೆ ಅಂಟಿಸೋಣ. ಮೊದಲು ಕಾಯಿ ಆಯ್ದವರಿಗೆ ಪೂರ್ತಿ ದಿನದ ಕೂಲಿ ಗಿಟ್ಟಬೇಕು. ಅದನ್ನು ಸೇರಿಸಿ ಲೀಟರಿನ ಬೆಲೆ ಹೇಳಲಿ; ಆಗ ಹೊನ್ನು, ಬಂಗಾರ ಅಂತ ಹೆಸರಿಟ್ಟರೆ ನನ್ನದೂ ಚಪ್ಪಾಳೆ.