ಸರ್ವನಾಮದ ಆಯ್ಕೆ ಮತ್ತು ವಿಭಕ್ತಿಯ ಸಮೀಕರಣ: ಒಂದು ವಿಮರ್ಶೆ

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಬೋಧನೆ ಆರಂಭವಾಯಿತು. ಸರ್ವನಾಮಗಳ ಪಾಠದಲ್ಲಿ ಇಂದಿಗೂ ಎದುರಾಗುವ ಸೂತ್ರವೊಂದಿದೆ: ಪ್ರಥಮಾ ವಿಭಕ್ತಿಗೆ ‘ಐ’, ದ್ವಿತೀಯಾ ಮತ್ತು ಚತುರ್ಥಿಗೆ ‘ಮಿ’, ಷಷ್ಠಿಗೆ ‘ಮೈ’. ಭಾಷಾಂತರ ಪದ್ಧತಿಯಿಂದ ಬಂದ ಈ ಸಮೀಕರಣವು ಕಲಿಸಲು ಸುಲಭ. ಆದರೆ ಅದು ಕನ್ನಡದ ಸ್ವರೂಪಕ್ಕೆ ಒಪ್ಪುವುದಿಲ್ಲವೆಂಬುದು ನಮ್ಮ ವಾದ.

ಮೊದಲನೆಯದು ಚತುರ್ಥಿಯ ಪ್ರಶ್ನೆ. ‘ನನಗೆ ಪುಸ್ತಕ ಕೊಟ್ಟರು’ ಎಂಬಲ್ಲಿ ‘ನನಗೆ’ ಎಂಬುದು ‘ಮಿ’ ಆಗುತ್ತದೆ. ‘ನನಗೆ ಗೊತ್ತು’, ‘ನನಗೆ ಹಸಿವಾಗಿದೆ’ ಎಂಬಲ್ಲಿ ‘ಐ’ ಆಗಬೇಕು. ಎಸ್.ಎನ್. ಶ್ರೀಧರ್ ಅವರು 1990ರ ತಮ್ಮ ಕನ್ನಡ ವ್ಯಾಕರಣದಲ್ಲಿ ಚರ್ಚಿಸಿರುವ ಚತುರ್ಥೀ ಕರ್ತೃವೇ ಇದು. ‘ಅವಳಿಗೆ ತನ್ನ ತಂಗಿಯ ನೆನಪಾಯಿತು’ ಎಂಬಲ್ಲಿ ‘ತನ್ನ’ ಎಂಬುದು ‘ಅವಳಿಗೆ’ ಎಂಬ ಪದವನ್ನೇ ನಿರ್ದೇಶಿಸುತ್ತದೆ. ರೂಪ ಚತುರ್ಥಿಯಾದರೂ ನಡವಳಿಕೆ ಕರ್ತೃವಿನದು. ‘ಮಿ ಹಂಗ್ರಿ’ ಎಂದು ಬರೆದ ಮಗು ಸೂತ್ರವನ್ನು ಮೀರಿಲ್ಲ, ಪಾಲಿಸಿದೆ.

ಎರಡನೆಯದು ಆಡುಮಾತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮಾತಿನಲ್ಲಿ ದ್ವಿತೀಯೆಯ ‘ಅನ್ನು’ ಪ್ರತ್ಯಯ ಸವೆದು, ‘ನನ್ನ ಕರದ್ರು’, ‘ನನ್ನ ಪುಸ್ತಕ’ ಎರಡರಲ್ಲೂ ‘ನನ್ನ’ ಎಂದೇ ಕೇಳಿಸುವುದುಂಟು. ‘ಮಿ’ ಮತ್ತು ‘ಮೈ’ಗಳ ಭೇದಕ್ಕೆ ಮನೆಮಾತಿನ ಕಿವಿ ಇಲ್ಲಿ ನೆರವಾಗದು. ಗ್ರಾಂಥಿಕ ರೂಪವನ್ನು ಆಧರಿಸಿದ ಸೂತ್ರವು ಈ ಸಂಗತಿಯನ್ನು ಗಮನಿಸುವುದೇ ಇಲ್ಲ.

ಹಾಗೆಂದು ಕನ್ನಡವನ್ನು ಕೇವಲ ಅಡ್ಡಿಯೆಂದು ಬಗೆಯುವುದೂ ತಪ್ಪು. ‘ಬಿಟ್ವೀನ್ ಯು ಅಂಡ್ ಐ’ ಎಂದು ಇಂಗ್ಲಿಷ್ ಮಾತೃಭಾಷೆಯವರೇ ಎಡವುವಲ್ಲಿ ಕನ್ನಡ ದಾರಿ ತೋರಬಲ್ಲದು. ‘ರವಿಯನ್ನೂ ನನ್ನನ್ನೂ ಕರೆದರು’ ಎಂಬ ರಚನೆಯಲ್ಲಿ ಜೋಡಿಯ ಪ್ರತಿ ಪದವೂ ತನ್ನ ವಿಭಕ್ತಿಯನ್ನು ತಾನೇ ಹೊರುತ್ತದೆ. ಇದನ್ನು ನೆನಪಿಸಿದರೆ ‘ರವಿ ಅಂಡ್ ಮಿ’ ಎಂಬ ಉತ್ತರ ತಾನಾಗಿ ಹೊಳೆಯುತ್ತದೆ.

ಇನ್ನು ‘ಇಟ್ ಈಸ್ ಐ’. ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ವಿಧಿಸುವ ಈ ರೂಪಕ್ಕೆ ‘ಅದು ನಾನೇ’ ಎಂಬ ಕನ್ನಡವೂ ಒತ್ತಾಸೆಯಾಗುತ್ತದೆ. ಆದರೆ ಸುಶಿಕ್ಷಿತರ ಸಹಜ ಬಳಕೆ ‘ಇಟ್ ಈಸ್ ಮಿ’. ಅದನ್ನು ಬರೆದವರ ಅಂಕ ಕಳೆಯುವುದು ನ್ಯಾಯವಲ್ಲ.

ಆದ್ದರಿಂದ ಸರ್ವನಾಮದ ಆಯ್ಕೆಯನ್ನು ವಿಭಕ್ತಿಯ ಕೋಷ್ಟಕದಿಂದಲ್ಲ, ಇಂಗ್ಲಿಷ್ ವಾಕ್ಯದ ಕ್ರಿಯಾಪದದಿಂದ ಕಲಿಸಬೇಕು. ಆ ಕ್ರಿಯಾಪದಕ್ಕೆ ಕರ್ತೃ ಯಾರು ಎಂಬ ಪ್ರಶ್ನೆ ಮೊದಲು ಬರಲಿ, ಕನ್ನಡದ ಹೋಲಿಕೆ ಅದರ ನಂತರ ಬರಲಿ. ಆಗ ವಿದ್ಯಾರ್ಥಿಯ ಕನ್ನಡಜ್ಞಾನ ತಪ್ಪಿನ ಮೂಲವೆನಿಸದೆ ವಿವೇಚನೆಯ ಸಾಧನವಾಗುತ್ತದೆ.